ಒಂದು ಕೋಣೆ ಹೆಚ್ಚಿದೆ ಎಂದು ಬಾಡಿಗೆ ನೆರವು ಕಡಿತ: ಬ್ರಿಟನ್ನಿನಲ್ಲಿರುವ ಅಂಗವಿಕಲರ ಕುಟುಂಬಗಳಿಗೆ ಪ್ರಶ್ನೋತ್ತರ

ಪ್ರಶ್ನೆ (ಸದಸ್ಯೆ, ವೆಸ್ಟ್ ಮಿಡ್‌ಲ್ಯಾಂಡ್ಸ್): ನಮಸ್ಕಾರ ಮೇಡಂ. ನಾವು ಹಾಸನದ ಕಡೆಯವರು. ಇಲ್ಲಿಗೆ ಬಂದು ಇಪ್ಪತ್ತು ವರ್ಷ ಮೀರಿದೆ, ಇಬ್ಬರೂ ಬ್ರಿಟಿಷ್ ಪೌರರು. ನಮ್ಮ ಯಜಮಾನರಿಗೆ ಐವತ್ತೈದು ವರ್ಷ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಪಿಪ್‌ನ (ಅಂಗವಿಕಲರಿಗೆ ಸರ್ಕಾರ ಕೊಡುವ ಭತ್ಯೆ, ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್) ದೈನಂದಿನ ಜೀವನದ ಭಾಗ ಬರುತ್ತಿದೆ. ಹೌಸಿಂಗ್ ಅಸೋಸಿಯೇಷನ್‌ನ (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಎರಡು ಮಲಗುವ ಕೋಣೆಯ ಮನೆಯಲ್ಲಿದ್ದೇವೆ. ಒಂದರಲ್ಲಿ ಅವರ ಆಸ್ಪತ್ರೆ ಮಂಚ, ಎತ್ತಿ ಕೂರಿಸುವ ಹಾಯ್ಸ್ಟ್, ಗಾಲಿಕುರ್ಚಿ. ಮಗ ಜೊತೆಗಿದ್ದಾಗ ಎರಡನೆಯ ಕೋಣೆ ಅವನದು, ನಾನು ಹಾಲಿನ ಸೋಫಾದಲ್ಲಿ ಮಲಗುತ್ತಿದ್ದೆ. ಈಗ ಅವನು ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದಾನೆ. ಮರುತಿಂಗಳೇ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮಾಸಿಕ ನೆರವು) ಲೆಕ್ಕದಲ್ಲಿ ‘ಒಂದು ಕೋಣೆ ಹೆಚ್ಚು’ ಎಂದು ಬಾಡಿಗೆಯ ಹಣ ಕಡಿಮೆ ಮಾಡಿದ್ದಾರೆ. ನಮ್ಮ ಬಾಡಿಗೆ ವಾರಕ್ಕೆ 120 ಪೌಂಡ್. ನಾದಿನಿ ‘ಸುಮ್ಮನೆ ಒಂದು ಕೋಣೆಯ ಮನೆಗೆ ಹೋಗಿಬಿಡಿ’ ಎನ್ನುತ್ತಾರೆ. ಹೋಗಬೇಕೇ?

ಉತ್ತರ (ಸವಲತ್ತು ಹಕ್ಕುಗಳ ಸಲಹೆಗಾರ್ತಿ): ನಮಸ್ಕಾರ. ಹೋಗಬೇಡಿ, ಕನಿಷ್ಠ ಈಗಲೇ ಹೋಗಬೇಡಿ. ನೀವು ಹೇಳಿದ್ದಷ್ಟನ್ನೇ ನೋಡಿದರೂ ಈ ಕಡಿತ ನಿಮಗೆ ಅನ್ವಯಿಸಬಾರದು ಎಂದು ನನಗೆ ಕಾಣುತ್ತದೆ.

ಎಲ್ಲರೂ ‘ಬೆಡ್‌ರೂಂ ಟ್ಯಾಕ್ಸ್’ ಎನ್ನುವುದು ಇದನ್ನೇ. 2012ರ ಕಲ್ಯಾಣ ಸುಧಾರಣಾ ಕಾಯ್ದೆಯ ಅಡಿಯಲ್ಲಿ 2013ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕೌನ್ಸಿಲ್ (ಸ್ಥಳೀಯ ಆಡಳಿತ) ಅಥವಾ ಹೌಸಿಂಗ್ ಅಸೋಸಿಯೇಷನ್ ಮನೆಯಲ್ಲಿರುವ, ಪಿಂಚಣಿ ವಯಸ್ಸು ತಲುಪದ ಬಾಡಿಗೆದಾರರಿಗೆ ಒಂದು ಕೋಣೆ ಹೆಚ್ಚಿದ್ದರೆ ನೆರವಿಗೆ ಅರ್ಹವಾದ ಬಾಡಿಗೆಯಲ್ಲಿ ಶೇ. 14, ಎರಡು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ. 25 ಕಡಿತ. ನಿಮ್ಮ ಬಾಡಿಗೆಗೆ ವಾರಕ್ಕೆ 16.80 ಪೌಂಡ್, ತಿಂಗಳಿಗೆ ಹತ್ತಿರ ಹತ್ತಿರ 73 ಪೌಂಡ್ ಆಗುತ್ತದೆ. ದಂಪತಿಗೆ ಒಂದೇ ಕೋಣೆ ಎಂಬುದು ನಿಯಮದ ಮೂಲ ಲೆಕ್ಕ. ಮಗ ಹೊರಟ ಕೂಡಲೇ ಕಂಪ್ಯೂಟರ್ ಆ ಲೆಕ್ಕ ಹಾಕಿದೆ. ನಿಮ್ಮ ಮಂಚ, ಹಾಯ್ಸ್ಟ್ ಯಾವುದೂ ಅದರ ಕಣ್ಣಿಗೆ ಬಿದ್ದಿಲ್ಲ.

ಆದರೆ ಅಂಗವೈಕಲ್ಯದ ಕಾರಣಕ್ಕೆ ಒಂದೇ ಕೋಣೆಯಲ್ಲಿ ಮಲಗಲಾಗದ ದಂಪತಿಗೆ ಇನ್ನೊಂದು ಕೋಣೆ ಕೊಡಬೇಕೆಂದು 2017ರ ಏಪ್ರಿಲ್ 1ರಿಂದ ನಿಯಮವೇ ಇದೆ. ಅದು ತಾನಾಗಿ ಬಂದದ್ದಲ್ಲ. ಸೌತ್‌ಪೋರ್ಟ್‌ನ ಜಾಕ್ವೆಲಿನ್ ಕಾರ್ಮೈಕಲ್ ಅವರಿಗೆ ಸ್ಪೈನಾ ಬಿಫಿಡಾ ಇತ್ತು. ಆಸ್ಪತ್ರೆ ಮಂಚ ಹಾಕಿದ ಮೇಲೆ ಕೋಣೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗವಿರಲಿಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ಗಂಡ ಮತ್ತೊಂದು ಕೋಣೆಯಲ್ಲಿ ಮಲಗುತ್ತಿದ್ದರು. ಅವರ ಮೇಲೂ ಇದೇ ಶೇ. 14ರ ಕಡಿತ ಬಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಹೋಗಿ 2016ರ ನವೆಂಬರ್ 9ರಂದು ಅವರು ಗೆದ್ದರು. ಒಟ್ಟಿಗೆ ಮಲಗಲಾಗದ ಮಕ್ಕಳಿಗೆ ಬೇರೆ ಕೋಣೆ ಒಪ್ಪುವ ಸರ್ಕಾರ, ಅದೇ ಸ್ಥಿತಿಯಲ್ಲಿರುವ ದಂಪತಿಗೆ ಒಪ್ಪದಿರುವುದಕ್ಕೆ ಸಮರ್ಥನೆ ಇಲ್ಲ ಎಂದಿತು ನ್ಯಾಯಾಲಯ. ನಿಮ್ಮ ಸ್ಥಿತಿ ಅವರದ್ದಕ್ಕಿಂತ ಬೇರೆಯಲ್ಲ.

ಈಗ ಮಾಡಬೇಕಾದದ್ದು: ನಿಮ್ಮ ಯೂನಿವರ್ಸಲ್ ಕ್ರೆಡಿಟ್ ಖಾತೆಯ ಆನ್‌ಲೈನ್ ಜರ್ನಲ್‌ನಲ್ಲಿ, ನಿಮ್ಮ ಯಜಮಾನರಿಗೆ ಪಿಪ್‌ನ ದೈನಂದಿನ ಜೀವನದ ಭಾಗ ಬರುತ್ತಿದೆ, ಅಂಗವೈಕಲ್ಯದಿಂದಾಗಿ ನೀವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಲಾಗುವುದಿಲ್ಲ, ಆದ್ದರಿಂದ ಕಡಿತದ ತೀರ್ಮಾನವನ್ನು ಮರುಪರಿಶೀಲಿಸಬೇಕು ಎಂದು ಬರೆಯಿರಿ. ‘ಮ್ಯಾಂಡೇಟರಿ ರಿಕನ್ಸಿಡರೇಷನ್’ ಎಂಬ ಪದವನ್ನೇ ಬಳಸಿ. ಆ ಹೆಸರಿಲ್ಲದಿದ್ದರೆ ನಿಮ್ಮ ಮಾತನ್ನು ಬರೀ ಮಾಹಿತಿ ಕೇಳಿದ್ದು ಎಂದು ಎಣಿಸಿ ಬದಿಗಿಡುವ ಅಪಾಯವಿದೆ. ತೀರ್ಮಾನ ಬಂದು ಒಂದು ತಿಂಗಳೊಳಗೆ ಕೇಳಬೇಕು. ತಡವಾಗಿದ್ದರೆ ಕಾರಣ ಕೊಟ್ಟು ಹದಿಮೂರು ತಿಂಗಳವರೆಗೂ ಕೇಳಲು ಅವಕಾಶವಿದೆ.

ಪ್ರಶ್ನೆ (ಅದೇ ಸದಸ್ಯೆ): ತುಂಬಾ ಧೈರ್ಯ ಬಂತು ಮೇಡಂ. ಡಾಕ್ಟರ ಪತ್ರ ಬೇಕಾಗುತ್ತದೆಯೇ? ‘ಬೇರೆ ಕೋಣೆ ಅಗತ್ಯ’ ಎಂದು ಒಂದು ಸಾಲು ಬರೆದುಕೊಡುತ್ತೇನೆ ಎಂದಿದ್ದಾರೆ.

ಉತ್ತರ: ಆ ಒಂದು ಸಾಲು ಸಾಲದು. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಓಡಾಟಕ್ಕೆ, ಕೆಲಸಕ್ಕೆ ಬೇಕಾದ ಅನುಕೂಲ ನೋಡಿ ಹೇಳುವ ತಜ್ಞರು) ಮನೆಗೆ ಬಂದು ನೋಡಿದ್ದರೆ ಅವರ ಪತ್ರವೇ ಹೆಚ್ಚು ತೂಕದ್ದು. ಏಕೆ ಎಂಬುದು ಅದರಲ್ಲಿ ಇರಬೇಕು. ಮಂಚದ ಅಳತೆ, ಹಾಯ್ಸ್ಟ್ ತಿರುಗಿಸಲು ಬೇಕಾದ ಜಾಗ, ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಬೇಕು, ಸ್ನಾಯು ಸೆಳೆತದಿಂದ ಪಕ್ಕದಲ್ಲಿ ಮಲಗಿದವರಿಗೆ ಏನಾಗುತ್ತದೆ, ಇವೆಲ್ಲ ಬರಲಿ. ಕೋಣೆಯ ಫೋಟೊ ಮತ್ತು ಟೇಪ್ ಹಿಡಿದ ಅಳತೆಯನ್ನು ನೀವೇ ಲಗತ್ತಿಸಿ. ಪತ್ರ ಸಿಗುವುದು ತಡವಾದರೆ ಅರ್ಜಿಯನ್ನು ಕಾಯಿಸಬೇಡಿ. ಮೊದಲು ಕೇಳಿ, ಪತ್ರ ಆಮೇಲೆ ಕಳುಹಿಸಿ. ಮನೆ ಮಾಲೀಕ ಸಂಸ್ಥೆಗೂ ಇಂದೇ ತಿಳಿಸಿ. ಸಾಮಾಜಿಕ ವಸತಿಯ ಮಾಲೀಕರು ಬಾಡಿಗೆ ಬಾಕಿಗಾಗಿ ಕೋರ್ಟಿಗೆ ಹೋಗುವ ಮುನ್ನ ಬಾಡಿಗೆದಾರರೊಂದಿಗೆ ಮಾತನಾಡಿ, ಸವಲತ್ತಿನ ತೊಡಕು ಬಿಡಿಸಲು ನೆರವಾಗಬೇಕೆಂಬ ವಿಧಿವಿಧಾನ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿದೆ. ಬಾಕಿ ಬೆಳೆದ ಮೇಲೆ ಹೇಳುವುದಕ್ಕಿಂತ ಈಗಲೇ ಹೇಳಿದ್ದು ದಾಖಲೆಯಲ್ಲಿರಲಿ.

ಪ್ರಶ್ನೆ (ಸದಸ್ಯ, ಲಂಡನ್ ಹೊರವಲಯ): ಮೇಡಂ, ನಮ್ಮದು ಇನ್ನೊಂದು ಬಗೆ. ಮಗಳಿಗೆ 24 ವರ್ಷ, ಸೆರೆಬ್ರಲ್ ಪಾಲ್ಸಿ. ಕೌನ್ಸಿಲ್ ಮನೆ, ಮೂರು ಕೋಣೆ. ಅವಳಿಗಾಗಿ ಚಾವಣಿಯ ಹಾಯ್ಸ್ಟ್, ಗಾಲಿಕುರ್ಚಿ ಹೋಗುವಂತಹ ಬಚ್ಚಲುಮನೆ, ಅಗಲ ಬಾಗಿಲು ಎಲ್ಲ ಮಾಡಿಸಿಕೊಟ್ಟಿದ್ದಾರೆ. ಮೂರನೆಯ ಕೋಣೆಯಲ್ಲಿ ಅವಳನ್ನು ನಿಲ್ಲಿಸುವ ಚೌಕಟ್ಟು, ಎರಡನೆಯ ಗಾಲಿಕುರ್ಚಿ, ಪ್ಯಾಡ್‌ಗಳ ಪೆಟ್ಟಿಗೆಗಳು. ವಾರಕ್ಕೆ ಎರಡು ರಾತ್ರಿ ಒಬ್ಬ ಆರೈಕೆದಾರ್ತಿ ಬಂದು ಅಲ್ಲಿಯೇ ಮಡಚುವ ಮಂಚ ಹಾಕಿ ಮಲಗುತ್ತಾರೆ. ಸಾಮಾನಿಗೆ ಎಂದು ಕೋಣೆ ಕೊಡುತ್ತಾರೆಯೇ? ಮೈಸೂರಿನಿಂದ ನನ್ನ ತಾಯಿ ಆರು ತಿಂಗಳು ಬರುತ್ತಾರೆ, ಅವರನ್ನು ತೋರಿಸಬಹುದೇ?

ಉತ್ತರ: ಸರ್, ಸಾಮಾನಿಗೆ ಕೊಡುವುದಿಲ್ಲ. ಈ ಕಾನೂನಿನಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವ ಜಾಗ ಅದೇ. ವಿನಾಯಿತಿಗಳೆಲ್ಲ ಆ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂಬುದರ ಮೇಲೆ ನಿಂತಿವೆ. ಬದುಕುಳಿಯಲು ಬೇಕಾದ ಯಂತ್ರ, ಕುರ್ಚಿ, ಡಯಾಲಿಸಿಸ್ ಸಾಮಗ್ರಿ ಕೋಣೆ ತುಂಬ ಇದ್ದರೂ ನಿಯಮದ ಭಾಷೆಯಲ್ಲಿ ಅದು ಖಾಲಿ ಮಲಗುವ ಕೋಣೆ.

ನಿಮ್ಮ ಅದೃಷ್ಟಕ್ಕೆ ಆರೈಕೆದಾರ್ತಿ ಇದ್ದಾರೆ. ಅವರ ಹೆಸರಿನಲ್ಲಿ ಕೇಳಿ, ಪೆಟ್ಟಿಗೆಗಳ ಹೆಸರಿನಲ್ಲಿ ಬೇಡ. ಮನೆಯಲ್ಲಿ ವಾಸಿಸದ ಒಬ್ಬರು ನಿಯಮಿತವಾಗಿ ರಾತ್ರಿ ಉಳಿದು ಆರೈಕೆ ಮಾಡುತ್ತಿದ್ದರೆ ಒಂದು ಕೋಣೆ ಸಿಗುತ್ತದೆ. ಮೊದಲು ಇದು ಅರ್ಜಿದಾರರಿಗೆ ಅಥವಾ ಅವರ ಸಂಗಾತಿಗೆ ಆರೈಕೆ ಬೇಕಿದ್ದರೆ ಮಾತ್ರ ಇತ್ತು. ವೇಲ್ಸ್‌ನ ಪೆಂಬ್ರೋಕ್‌ಶೈರ್‌ನಲ್ಲಿ ತೀವ್ರ ಅಂಗವೈಕಲ್ಯವಿದ್ದ ಮೊಮ್ಮಗನನ್ನು ಸಾಕುತ್ತಿದ್ದ ರದರ್‌ಫರ್ಡ್ ದಂಪತಿ 2016ರ ಅದೇ ತೀರ್ಪಿನಲ್ಲಿ ಗೆದ್ದ ಮೇಲೆ, 2017ರಿಂದ ಮಕ್ಕಳಿಗೂ ಜೊತೆಗಿರುವ ವಯಸ್ಕರಿಗೂ ವಿಸ್ತರಿಸಿದರು. ಮಗಳಿಗೆ ಪಿಪ್‌ನ ದೈನಂದಿನ ಜೀವನದ ಭಾಗ ಬರುತ್ತಿರಬೇಕು. ಪ್ರತಿ ರಾತ್ರಿಯೂ ಬರಬೇಕೆಂದಿಲ್ಲ, ನಿಯಮಿತವಾಗಿ ಬಂದರೆ ಸಾಕು. ಆರೈಕೆ ಸಂಸ್ಥೆಯ ಪಾಳಿ ಪಟ್ಟಿ ಅಥವಾ ಸಾಮಾಜಿಕ ಸೇವೆಯ ಆರೈಕೆ ಯೋಜನೆ ಒಳ್ಳೆಯ ಪುರಾವೆ.

ತಾಯಿಯವರನ್ನು ತೋರಿಸಬೇಡಿ. ಆರೈಕೆದಾರರು ಸಂಬಳದವರೇ ಆಗಿರಬೇಕೆಂದಿಲ್ಲ. ಬೇರೆ ಮನೆಯಲ್ಲಿರುವ ಬಂಧುವೂ ಆಗಬಹುದು. ಆದರೆ ತಿಂಗಳುಗಟ್ಟಲೆ ನಿಮ್ಮ ಮನೆಯಲ್ಲಿಯೇ ಇರುವವರು ‘ಹೊರಗಿನಿಂದ ಬಂದು ಉಳಿಯುವವರೇ’ ಎಂಬ ಪ್ರಶ್ನೆ ಏಳುತ್ತದೆ, ಅದಕ್ಕಿಂತ ಹೆಚ್ಚಾಗಿ ಅವರ ಸಂದರ್ಶಕ ವೀಸಾದ ಉದ್ದೇಶದ ಬಗ್ಗೆ ಅನುಮಾನ ಹುಟ್ಟುತ್ತದೆ. ಅಜ್ಜಿ ಮೊಮ್ಮಗಳನ್ನು ನೋಡಲು ಬರಲಿ, ಕಡತದಲ್ಲಿ ಆರೈಕೆದಾರ್ತಿಯ ಹೆಸರು ಸಾಕು.

ಪ್ರಶ್ನೆ (ಅದೇ ಸದಸ್ಯ): ಅಕಸ್ಮಾತ್ ಆ ಆರೈಕೆದಾರ್ತಿ ಬರುವುದು ನಿಂತರೆ?

ಉತ್ತರ: ಆಗ ವಿನಾಯಿತಿ ಹೋಗುತ್ತದೆ, ಮತ್ತು ಅದನ್ನು ನೀವು ತಿಳಿಸಬೇಕು. ಅಂಗವಿಕಲ ಮಗಳಿಗಾಗಿ ಮಾರ್ಪಡಿಸಿದ ಮನೆಯಲ್ಲಿದ್ದ ಒಬ್ಬ ತಾಯಿ, ಹೆಸರನ್ನು ಜೆ.ಡಿ. ಎಂದಷ್ಟೇ ದಾಖಲಿಸಲಾಗಿದೆ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋದರು. 2019ರ ಅಕ್ಟೋಬರ್ 24ರಂದು ಅವರಿಗೆ ಸೋಲಾಯಿತು. ಅದೇ ದಿನ, ಹಿಂಸಾತ್ಮಕ ಸಂಗಾತಿಯಿಂದ ರಕ್ಷಣೆಗೆಂದು ಮನೆಯಲ್ಲಿ ಸುರಕ್ಷಿತ ಕೋಣೆ ಮಾಡಿಸಿಕೊಂಡಿದ್ದ ಇನ್ನೊಬ್ಬ ಮಹಿಳೆ ಗೆದ್ದರು. ಮಾರ್ಪಡಿಸಿದ ಮನೆ ಎಂಬುದು ಒಂದೇ ವಿನಾಯಿತಿಗೆ ಸಾಕಾಗುವುದಿಲ್ಲ ಎಂಬಲ್ಲಿಗೆ ವಿಷಯ ನಿಂತಿದೆ.

ಅಂಥವರಿಗೆ ಉಳಿಯುವ ದಾರಿ ಕೌನ್ಸಿಲ್‌ನ ಡಿಸ್ಕ್ರೀಷನರಿ ಹೌಸಿಂಗ್ ಪೇಮೆಂಟ್, ಅಂದರೆ ಕೌನ್ಸಿಲ್ ತನ್ನ ವಿವೇಚನೆಯಿಂದ ಕೊಡುವ ವಸತಿ ನೆರವು. ಯೋಜನೆಯ ಹೆಸರು ಬದಲಾಗಿದ್ದರೂ ‘ಬಾಡಿಗೆ ಕೊರತೆ ತುಂಬುವ ನೆರವು’ ಎಂದು ಕೇಳಿ. 2013ರಲ್ಲಿ ಸರ್ಕಾರ ಮಾರ್ಪಡಿಸಿದ ಮನೆಗಳಲ್ಲಿರುವವರಿಗಾಗಿಯೇ ಎಂದು ಈ ನಿಧಿಗೆ 2.5 ಕೋಟಿ ಪೌಂಡ್ ಸೇರಿಸಿತ್ತು. ಆ ಮನೆಗಳನ್ನು ಬಿಡಿಸುವುದು ತಪ್ಪೆಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಹಕ್ಕಾಗಿ ಕೊಡದೆ, ಅರ್ಜಿ ಹಾಕಿ ಪಡೆಯುವ, ಅವಧಿ ಮುಗಿದರೆ ಮತ್ತೆ ಕೇಳಬೇಕಾದ ನೆರವಾಗಿ ಬಿಟ್ಟರು. ಜೀವನಪೂರ್ತಿ ಇರುವ ಅಂಗವೈಕಲ್ಯಕ್ಕೆ ವರ್ಷಕ್ಕೊಮ್ಮೆ ಮುಗಿಯುವ ಪರಿಹಾರ. ಪ್ರತಿ ನವೀಕರಣದ ಮುನ್ನ ನಿದ್ದೆಗೆಡುವ ತಾಯಂದಿರನ್ನು ನಾನು ಬಲ್ಲೆ, ಇದನ್ನು ನೆನೆದಾಗಲೆಲ್ಲ ಸಿಟ್ಟು ಬರುತ್ತದೆ.

ಅರ್ಜಿಯಲ್ಲಿ ಖರ್ಚುಗಳನ್ನು ಬಿಡದೆ ಬರೆಯಿರಿ: ಬಟ್ಟೆ ಒಗೆಯುವ ವಿದ್ಯುತ್, ಬಿಸಿಗೆ ಗ್ಯಾಸ್, ಆಸ್ಪತ್ರೆಗೆ ಟ್ಯಾಕ್ಸಿ, ವಿಶೇಷ ಆಹಾರ. ಅಂಗವೈಕಲ್ಯ ಭತ್ಯೆಯ ಆರೈಕೆ ಭಾಗವನ್ನು ಸಾಮಾನ್ಯ ಆದಾಯದಂತೆ ಎಲ್ಲರಿಗೂ ಲೆಕ್ಕ ಹಾಕುತ್ತಿದ್ದ ಒಂದು ಕೌನ್ಸಿಲ್‌ನ ಪದ್ಧತಿ ಕಾನೂನುಬಾಹಿರ ಎಂದು 2015ರಲ್ಲಿ ಹೈಕೋರ್ಟ್ ಹೇಳಿದೆ. ಪಿಪ್ ಹಣ ಇದೆಯಲ್ಲ, ಅದರಿಂದ ಕಟ್ಟಿ ಎಂದು ಯಾರಾದರೂ ಹೇಳಿದರೆ ಆ ತೀರ್ಪನ್ನು ನೆನಪಿಸಿ. ಮನೆ ಬದಲಿಸಿ ಎಂದರೆ, ಹೊಸ ಮನೆಯಲ್ಲಿ ಹಾಯ್ಸ್ಟ್ ಮತ್ತು ಬಚ್ಚಲನ್ನು ಮತ್ತೆ ಯಾರ ಹಣದಲ್ಲಿ ಮಾಡಿಸುತ್ತೀರಿ ಎಂದು ಬರವಣಿಗೆಯಲ್ಲಿ ಕೇಳಿ. ಇಂಗ್ಲೆಂಡಿನಲ್ಲಿ ಇಂಥ ಮಾರ್ಪಾಡಿನ ಅನುದಾನದ ಮಿತಿಯೇ 30,000 ಪೌಂಡ್. ವಾರಕ್ಕೆ ಕೆಲವು ಪೌಂಡ್ ಉಳಿಸಲು ಅಷ್ಟು ಖರ್ಚು ಮಾಡುವುದು ಕೌನ್ಸಿಲ್‌ಗೂ ನಷ್ಟ.

ಪ್ರಶ್ನೆ (ಸದಸ್ಯ, ರೆಡಿಂಗ್): ಬೇಸರ ಮಾಡಿಕೊಳ್ಳಬೇಡಿ ಮೇಡಂ. ನಾವೆಲ್ಲ ತೆರಿಗೆ ಕಟ್ಟುವವರು. ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಒಂದೇ ಕೋಣೆಯಲ್ಲಿ ಮನೆಗಾಗಿ ಕಾಯುತ್ತಿವೆ. ಖಾಸಗಿ ಬಾಡಿಗೆಯವರಿಗೆ ಮೊದಲಿನಿಂದಲೂ ಕೋಣೆಯ ಮಿತಿ ಇದೆ. ಹೆಚ್ಚಿನ ಕೋಣೆ ಇಟ್ಟುಕೊಂಡವರು ಸ್ವಲ್ಪ ಕೊಡಲಿ ಎನ್ನುವುದರಲ್ಲಿ ತಪ್ಪೇನು?

ಉತ್ತರ: ಬೇಸರವಿಲ್ಲ ಸರ್, ಸರ್ಕಾರ ಮುಂದಿಟ್ಟ ವಾದವೂ ಇದೇ. ಇಕ್ಕಟ್ಟಿನಲ್ಲಿರುವ ಕುಟುಂಬಗಳ ಕಷ್ಟ ನಿಜ. ಆದರೆ ಯಾರ ಮೇಲೆ ಇದು ಬಿತ್ತು ನೋಡಿ. ಜಾರಿಗೆ ತರುವ ಮುನ್ನ, 2012ರಲ್ಲಿ, ಸರ್ಕಾರದ ಅಂದಾಜಿನಲ್ಲೇ ಸುಮಾರು 6,60,000 ಬಾಡಿಗೆದಾರರಿಗೆ ಕಡಿತವಾಗಲಿತ್ತು, ಅವರಲ್ಲಿ ಸುಮಾರು 4,20,000 ಮನೆಗಳಲ್ಲಿ ಅರ್ಜಿದಾರರು ಅಥವಾ ಸಂಗಾತಿ ಅಂಗವಿಕಲರು. ಮೂರರಲ್ಲಿ ಎರಡು ಪಾಲಿನ ಹತ್ತಿರ. ಮಕ್ಕಳು ಬೆಳೆದು ಹೋಗಿ ಕೋಣೆ ಉಳಿದಿರುವುದು ಹೆಚ್ಚಾಗಿ ಪಿಂಚಣಿದಾರರ ಮನೆಗಳಲ್ಲಿ, ಅವರನ್ನು ಹೊರಗಿಟ್ಟರು. ಅದು ಸರಿಯೇ, ಆದರೆ ಆಗ ‘ಮನೆ ಹಂಚಿಕೆ’ ಎಂಬ ವಾದದ ಬಲ ಎಷ್ಟು ಉಳಿಯಿತು? ಖಾಸಗಿ ಬಾಡಿಗೆಯ ಮಿತಿ ಹೊಸದಾಗಿ ಮನೆ ಹಿಡಿಯುವವರಿಗೆ ಮೊದಲೇ ಗೊತ್ತಿರುತ್ತಿತ್ತು. ಇಲ್ಲಿ ಕೌನ್ಸಿಲ್ ತಾನೇ ಹಂಚಿದ ಮನೆಗೆ, ವರ್ಷಗಟ್ಟಲೆ ವಾಸಿಸಿದ ಮೇಲೆ ದಂಡ ಬಿತ್ತು. ಹೋಗೋಣವೆಂದರೆ ಒಂದು ಕೋಣೆಯ ಮನೆಗಳು ಬೇಕಾದಷ್ಟು ಇಲ್ಲ, ಗಾಲಿಕುರ್ಚಿ ಓಡಾಡುವಂಥದ್ದು ಇನ್ನೂ ಕಡಿಮೆ. 2013ರಲ್ಲಿ ಇಲ್ಲಿಗೆ ಬಂದ ವಿಶ್ವಸಂಸ್ಥೆಯ ವಸತಿ ಹಕ್ಕುಗಳ ವರದಿಗಾರ್ತಿ ರಾಕೆಲ್ ರೋಲ್ನಿಕ್ ಇದನ್ನು ನಿಲ್ಲಿಸಬೇಕೆಂದು ಶಿಫಾರಸು ಮಾಡಿದ್ದು ಸುಮ್ಮನೆ ಅಲ್ಲ. ನಾನೂ ತೆರಿಗೆ ಕಟ್ಟುತ್ತೇನೆ. ಆ ಹಣ ಮೊದಲ ಪ್ರಶ್ನೆ ಕೇಳಿದ ತಾಯಿಗೆ ಸೋಫಾದ ಬದಲು ಹಾಸಿಗೆ ಕೊಡಲಿ ಎಂಬುದು ನನ್ನ ಆಸೆ.

ಪ್ರಶ್ನೆ (ಸದಸ್ಯೆ, ಗ್ಲಾಸ್ಗೋ): ಸ್ಕಾಟ್ಲೆಂಡಿನಲ್ಲೂ ಇದೆಯೇ?

ಉತ್ತರ: ನಿಯಮ ಇದೆ, ಆದರೆ ಸ್ಕಾಟ್ಲೆಂಡ್ ಸರ್ಕಾರ ಆ ಕಡಿತವನ್ನು ತನ್ನ ಹಣದಿಂದ ಕೌನ್ಸಿಲ್‌ಗಳ ಮೂಲಕ ತುಂಬಿಕೊಡುತ್ತದೆ. ತಾನಾಗಿ ಬರುತ್ತದೆ ಎಂದು ಕೂರಬೇಡಿ, ಕೌನ್ಸಿಲ್‌ಗೆ ಅರ್ಜಿ ಹೋಗಿದೆಯೇ ನೋಡಿಕೊಳ್ಳಿ. ಉತ್ತರ ಐರ್ಲೆಂಡಿನಲ್ಲೂ ಪರಿಹಾರ ವ್ಯವಸ್ಥೆ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನವರಿಗೆ ಮೇಲೆ ಹೇಳಿದ್ದೇ.

ಪ್ರಶ್ನೆ (ಸದಸ್ಯೆ, ಹೆಸರು ಬೇಡ ಎಂದವರು): ನಾನು ಬ್ರಿಟಿಷ್ ಪೌರಳು, ಪಾರ್ಶ್ವವಾಯು ಆಗಿದೆ, ಪಿಪ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದೇನೆ. ಗಂಡ ಸಂಗಾತಿ ವೀಸಾದಲ್ಲಿ ಬೆಂಗಳೂರಿನಿಂದ ಬಂದಿದ್ದಾರೆ. ನಾವೂ ಬೇರೆ ಕೋಣೆ ಕೇಳಬಹುದೇ?

ಉತ್ತರ: ಎರಡು ಮಾತು ಅಮ್ಮ. ಪಿಪ್ ಮಂಜೂರಾಗುವ ತನಕ ದಂಪತಿಯ ವಿನಾಯಿತಿ ಸಿಗುವುದಿಲ್ಲ, ಆದ್ದರಿಂದ ಈಗ ಕೌನ್ಸಿಲ್ ನೆರವಿಗೆ ಅರ್ಜಿ ಹಾಕಿ. ಪಿಪ್ ಪತ್ರ ಬಂದ ದಿನವೇ ಅದನ್ನು ಜರ್ನಲ್‌ನಲ್ಲಿ ತಿಳಿಸಿ.

ಎರಡನೆಯದು ಹೆಚ್ಚು ಸೂಕ್ಷ್ಮ. ನಿಮ್ಮ ಯಜಮಾನರ ವೀಸಾದಲ್ಲಿ ‘ಸಾರ್ವಜನಿಕ ನಿಧಿಗೆ ಅವಕಾಶವಿಲ್ಲ’ ಎಂಬ ಷರತ್ತು ಇರುತ್ತದೆ. ನಿಮ್ಮ ಸ್ವಂತ ಹಕ್ಕಿನ ಹಣ ನೀವು ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಅವರು ಜೊತೆಗಿರುವ ಕಾರಣಕ್ಕೆ ನಿಮ್ಮ ನೆರವು ಹೆಚ್ಚಾದರೆ ಅದು ಅವರ ವೀಸಾಕ್ಕೆ ತೊಂದರೆ ತರಬಹುದು. ಎರಡನೆಯ ಕೋಣೆ ಕೇಳುವ ಮುನ್ನ, ಅಧಿಕೃತ ವಲಸೆ ಸಲಹೆಗಾರರಿಗೆ ವೀಸಾದ ಪ್ರತಿ ಮತ್ತು ಯೂನಿವರ್ಸಲ್ ಕ್ರೆಡಿಟ್ ಲೆಕ್ಕ ಎರಡನ್ನೂ ತೋರಿಸಿ. ಸಿಟಿಜನ್ಸ್ ಅಡ್ವೈಸ್ ಕಚೇರಿಯಲ್ಲಿ ಕೇಳಿದರೆ ಅಂಥವರು ಎಲ್ಲಿ ಸಿಗುತ್ತಾರೆಂದು ಹೇಳುತ್ತಾರೆ. ಪಾರ್ಶ್ವವಾಯುವಿನಿಂದ ಮಾತು ತೊಡಕಾಗಿದ್ದರೆ ಫೋನ್ ಸಂದರ್ಶನದಲ್ಲಿ ಕನ್ನಡ ದುಭಾಷಿ ಬೇಕೆಂದು ಮೊದಲೇ ಕೇಳಿ, ಅದಕ್ಕೆ ನೀವು ಹಣ ಕೊಡಬೇಕಾಗಿಲ್ಲ.

ಪ್ರತಿಕ್ರಿಯೆ (ಮೊದಲ ಸದಸ್ಯೆ): ಜರ್ನಲ್‌ನಲ್ಲಿ ಬರೆದೆ ಮೇಡಂ. ಥೆರಪಿಸ್ಟ್ ಮುಂದಿನ ವಾರ ಬರುತ್ತಾರಂತೆ. ಇಲಾಖೆಯವರು ಒಪ್ಪದಿದ್ದರೆ?

ಉತ್ತರ: ಒಪ್ಪದಿದ್ದರೆ ಮರುಪರಿಶೀಲನೆಯ ಉತ್ತರಪತ್ರ ಬಂದ ದಿನದಿಂದ ಒಂದು ತಿಂಗಳೊಳಗೆ ಟ್ರಿಬ್ಯುನಲ್‌ಗೆ ಮೇಲ್ಮನವಿ ಹಾಕಬಹುದು. ಶುಲ್ಕವಿಲ್ಲ. ಅಲ್ಲಿ ಕೂರುವವರು ಇಲಾಖೆಯ ನೌಕರರಲ್ಲ. ಪತ್ರ ಕೈಗೆ ಬಂದ ಕೂಡಲೇ ಇಲ್ಲಿ ತಿಳಿಸಿ, ಮೇಲ್ಮನವಿಯ ಕಾರಣಗಳನ್ನು ಒಟ್ಟಿಗೆ ಕುಳಿತು ಬರೆಯೋಣ. ಅಲ್ಲಿಯವರೆಗೆ ಕೊರತೆಯ ಬಾಡಿಗೆಯಲ್ಲಿ ನಿಮ್ಮಿಂದ ಆದಷ್ಟು ಕಟ್ಟುತ್ತಿರಿ, ರಸೀದಿಗಳನ್ನು ಎತ್ತಿಡಿ.