ಹೆರಿಗೆ ರಜೆ ಮುಗಿಸಿ ಬಂದಾಗ ಮೇಜು ಬೇರೆಯವರ ಪಾಲಾಗಿದ್ದರೆ?

ಪ್ರಶ್ನೆ: ರಜೆಯಲ್ಲಿದ್ದಾಗ ಮೇಜು, ಬೀರು ಎರಡೂ ಸಹೋದ್ಯೋಗಿಯ ವಶವಾಗಿವೆ. "ಇಷ್ಟು ದಿನ ನಾನೇ ಕೂತಿದ್ದೀನಿ, ಬಿಡಲ್ಲ" ಅಂತಾರೆ. ಹಕ್ಕಿನಿಂದ ಕೇಳಬಹುದೇ?

ಉತ್ತರ 1: ಹಕ್ಕು ಸಾಮಾನ್ಯವಾಗಿ ಹುದ್ದೆಯ ಮೇಲೆ, ಮೇಜಿನ ಮೇಲಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ 183ನೇ ಒಪ್ಪಂದ ಹೇಳುವುದೂ ಅಷ್ಟೇ: ಅದೇ ಹುದ್ದೆ, ಇಲ್ಲವೇ ಅಷ್ಟೇ ಸಂಬಳದ ಸಮಾನ ಹುದ್ದೆ. ಜಾಗ ಹಂಚುವುದು ಮ್ಯಾನೇಜರ್ ಕೆಲಸ, ಸಹೋದ್ಯೋಗಿಯದ್ದಲ್ಲ. ಮ್ಯಾನೇಜರ್‌ಗೇ ಮೇಲ್ ಹಾಕಿ: ಮೊದಲು ಎಲ್ಲಿ ಕೂರುತ್ತಿದ್ದಿರಿ, ಈಗ ಏನಿಲ್ಲ, ಯಾವ ತಾರೀಕಿನೊಳಗೆ ಬೇಕು. "ಕಿತ್ತುಕೊಂಡರು" ಅಂತ ಬರೆದರೆ ಮಾತು ಮೇಜು ಬಿಟ್ಟು ಜಗಳದ ಕಡೆ ತಿರುಗುತ್ತೆ.

ಉತ್ತರ 2: ಮೇಜು ಹೋದರೆ ಹೋಗಲಿ, ಹಾಲು ಪಂಪ್ ಮಾಡುವ ಕೋಣೆ ಬಿಡಬೇಡಿ. ಒಳಚಿಲಕ, ಪ್ಲಗ್ ಪಾಯಿಂಟ್, ಕುರ್ಚಿ ಇರಬೇಕು. ಶೌಚಾಲಯ ತೋರಿಸಿದರೆ ಒಪ್ಪಬೇಡಿ. ಸುಮಾರು 3 ಗಂಟೆಗೊಮ್ಮೆ 15–20 ನಿಮಿಷ ಬೇಕು. ಕ್ಯಾಲೆಂಡರಿನಲ್ಲಿ ಮೊದಲೇ ಬುಕ್ ಮಾಡಿ, ಇಲ್ಲದಿದ್ದರೆ ಮೀಟಿಂಗ್‌ನವರು ನುಗ್ಗುತ್ತಾರೆ. ಹಿಂಡಿದ ಹಾಲು 25 ಡಿಗ್ರಿಯೊಳಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ. ಬಾಗಿಲಲ್ಲಿ ಇಡಬೇಡಿ, ಪದೇಪದೇ ತೆರೆದು ಬಿಸಿಯಾಗುತ್ತೆ. ಫ್ರಿಜ್ಜಿನ ಹಿಂಬದಿಗೆ ಇಡಿ, ಬಾಟಲಿಗೆ ಹೆಸರು-ತಾರೀಕು ಅಂಟಿಸಿ.

ಉತ್ತರ 3: ಬೀರುವಿನ ಸಾಮಾನು ನೀವಾಗಿಯೇ ತೆಗೆಯಬೇಡಿ. ಇಬ್ಬರೂ ಇರುವಾಗ ಪಟ್ಟಿ ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ.