ಅಪ್‌ಡೇಟ್: ಪಕ್ಕೆಲುಬಿನ ಕೆಳಗಿನ ನೋವಿಗೆ ಕೊನೆಗೂ ಕಾರಣ ಸಿಕ್ಕಿತು

ಬಲಗಡೆ ಪಕ್ಕೆಲುಬಿನ ಕೆಳಗೆ ಚುಚ್ಚಿದಂತೆ ನೋವು, ಏನಿರಬಹುದು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಹೆಚ್ಚಿನವರು ಪಿತ್ತಕೋಶದ ಕಲ್ಲು ಅಂದಿದ್ದಿರಿ. ನನಗೂ ಅದೇ ಭಯ. ಆದರೆ ಸ್ಕ್ಯಾನಿಂಗ್‌ನಲ್ಲಿ ಕಲ್ಲಿಲ್ಲ, ರಕ್ತ ಪರೀಕ್ಷೆಯೂ ನಾರ್ಮಲ್. ಖುಷಿಪಡೋಣ ಅಂದರೆ ನೋವು ಹಾಗೇ ಇತ್ತಲ್ವಾ!

ಎರಡನೇ ಡಾಕ್ಟರ್ ಕೇಳಿದ್ದು ಒಂದೇ: "ಊಟ ಆದಮೇಲೆ ಜಾಸ್ತಿಯೋ, ಬಗ್ಗಿದಾಗಲೋ?" ಬಗ್ಗಿದಾಗ, ಮಗ್ಗುಲು ಬದಲಿಸಿದಾಗ. ಪಕ್ಕೆಲುಬಿನ ಅಂಚಿನಡಿ ಬೆರಳುಗಳನ್ನು ಕೊಕ್ಕೆಯಂತೆ ಹಾಕಿ ಮೆಲ್ಲಗೆ ಎಳೆದರು. ಟಕ್ ಅಂತ ಸದ್ದು, ಅದೇ ನೋವು! 8ರಿಂದ 10ನೇ ಪಕ್ಕೆಲುಬುಗಳು ಎದೆಮೂಳೆಗೆ ನೇರವಾಗಿ ಅಂಟಿರುವುದಿಲ್ಲವಂತೆ. ಅಲ್ಲಿನ ಮೃದುಮೂಳೆ ಸಡಿಲವಾದರೆ ಎಲುಬು ಜಾರಿ ನರವನ್ನು ಒತ್ತುತ್ತದೆ. 'ಸ್ಲಿಪ್ಪಿಂಗ್ ರಿಬ್' ಅಂತ ಹೆಸರು.

ಈಗ ಭಾರ ಎತ್ತುವುದು ಬಂದ್, ಫಿಸಿಯೋಥೆರಪಿ ಶುರು. ಮೂರು ವಾರದಲ್ಲಿ ನೋವು ಅರ್ಧಕ್ಕೆ ಇಳಿದಿದೆ. ಸೀನು ಬಂದರೆ ಮಾತ್ರ ಇನ್ನೂ ಭಯ.