ಕ್ಯಾಮೆರಾ ಟ್ರ್ಯಾಪ್ ನಡುವೆ 10 ದಿನ ಬಿಡುವು, ಕಬಿನಿ ಸಫಾರಿ: ವಾಪಸ್ ಬಂದು ಕೆಲಸ ಎಲ್ಲಿಂದ ಹಿಡಿಯಬೇಕು?

ಬೀಟೆಮರ:
ನಾಗರಹೊಳೆ ಭಾಗದ ಎಲೆ ಉದುರುವ ಕಾಡು. ಹುಲಿ ಎಣಿಕೆಗೆ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಮುಂದೆ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಇಟ್ಟಿದ್ದೇವೆ: 30 ಜಾಗ, ಜಾಗಕ್ಕೆ ಎದುರುಬದುರು ಎರಡರಂತೆ 60 ಕ್ಯಾಮೆರಾ. ಕ್ಯಾಮೆರಾ ಓಡಿಸುವ 45 ದಿನದ ಬ್ಲಾಕ್‌ನಲ್ಲಿ 20 ದಿನ ಆಗಿದೆ. ಈಗ ತಂಡಕ್ಕೆ 10 ದಿನ ಬಿಡುವು, ಕಬಿನಿ ಸಫಾರಿ ಹೊರಡುವ ದಮ್ಮನಕಟ್ಟೆಯಿಂದ ನಾಲ್ಕು ಸಫಾರಿ ನಿಗದಿಯಾಗಿದೆ. ಕ್ಯಾಮೆರಾ ಆನ್ ಇಟ್ಟು ಹೋಗೋದಾ, ಬಿಚ್ಚಿ ತರೋದಾ? ಸಫಾರಿಯಲ್ಲಿ ಸಿಗುವ ಹುಲಿ ಫೋಟೊ ನಮ್ಮ ಡೇಟಾಗೆ ಬರುತ್ತಾ? ವಾಪಸ್ ಬಂದ ಕೂಡಲೇ ಮೊದಲು ಏನು ನೋಡಬೇಕು? ಬ್ಲಾಕ್ ಮುಗಿದ ಮೇಲೆ ಟ್ರಾನ್ಸೆಕ್ಟ್ ನಡಿಗೆಯೂ (ನೇರ ಗೆರೆಯಲ್ಲಿ ನಡೆದು ಕಂಡ ಪ್ರಾಣಿ, ಅವುಗಳ ದೂರ ಬರೆದುಕೊಳ್ಳುವುದು) ಇದೆ.

ಹುಲಿಜಾಡು:
ನಡುವೆ ಒಮ್ಮೆ, ಐದನೇ ದಿನದ ಸುಮಾರಿಗೆ, ವಾಚರ್ ಜೊತೆ ಯಾರಾದರೂ ಎಲ್ಲ ಜಾಗ ಸುತ್ತಿ ಬರುವ ಹಾಗಿದ್ದರೆ ಆನ್ ಇಡಿ. ಆ ವ್ಯವಸ್ಥೆ ಇಲ್ಲದಿದ್ದರೆ ಬಿಚ್ಚಿ ತರುವುದೇ ವಾಸಿ. ನೋಡುವವರಿಲ್ಲದ 10 ದಿನದಲ್ಲಿ ಆನೆ ಒಂದೆರಡು ಕ್ಯಾಮೆರಾ ತಿರುಗಿಸಿರುತ್ತದೆ, ಎದುರಿನ ಹುಲ್ಲು ಅಲ್ಲಾಡಿ ಕಾರ್ಡ್ ತುಂಬಿರುತ್ತದೆ.

ಬಿಚ್ಚಿದರೆ ಬ್ಲಾಕ್ ಹಾಳಾಗುತ್ತದೆ ಅನ್ನುವ ಭಯ ಬೇಡ. 20, ನಡುವೆ 10, ಆಮೇಲೆ 25, ಒಟ್ಟು 55 ದಿನ. ಹುಲಿ ಎಣಿಕೆಯಲ್ಲಿ ಹುಟ್ಟು-ಸಾವು, ವಲಸೆ ಇಲ್ಲ ಎಂದು ಹಿಡಿಯುವುದು ಸಾಮಾನ್ಯವಾಗಿ 45ರಿಂದ 60 ದಿನಕ್ಕೆ, ಅದರೊಳಗೇ ಇದ್ದೀರಿ. ಆದರೆ ಆ 10 ದಿನ, ಕ್ಯಾಮೆರಾ ಓಡುತ್ತಿತ್ತೇ ಎಂದು ದಿನಕ್ಕೊಂದು 1 ಅಥವಾ 0 ಬರೆಯುವ ಯೂಸೇಜ್ ಮ್ಯಾಟ್ರಿಕ್ಸ್‌ನಲ್ಲಿ 0 ಅಂತಲೇ ಬೀಳಬೇಕು. 1 ಬಿದ್ದರೆ ಕ್ಯಾಮೆರಾ ಇತ್ತು, ಹುಲಿ ಸಿಗಲಿಲ್ಲ ಅಂತ ಲೆಕ್ಕದ ಮಾದರಿ ತಿಳಿಯುತ್ತದೆ. ಸಿಗುವ ಸಂಭವ ಕಡಿಮೆ ಎಂದು ಅಂದಾಜಾಗಿ, ಸಿಗದೇ ಉಳಿದ ಹುಲಿಗಳು ಜಾಸ್ತಿ ಎಂದಾಗಿ, ಸಾಂದ್ರತೆ (ಇಷ್ಟು ಜಾಗಕ್ಕೆ ಎಷ್ಟು ಹುಲಿ ಎಂಬ ಲೆಕ್ಕ) ಸುಳ್ಳಾಗಿ ಏರಿಬಿಡುತ್ತದೆ. ವರದಿ ಓದುವವರಿಗೆ ಈ ತಪ್ಪು ಕಾಣುವುದೇ ಇಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆನ್ ಇಡುವುದಾದರೆ ಮೋಷನ್ ಜೊತೆಗೆ ಟೈಮ್‌ಲ್ಯಾಪ್ಸ್ ಇರುವ ಮಾಡೆಲ್‌ಗಳಲ್ಲಿ ದಿನಕ್ಕೊಂದು ಫೋಟೊ, ಮಧ್ಯಾಹ್ನ 12ಕ್ಕೆ, ಹಾಕಿಡಿ. ಯಾವ ದಿನ ಕ್ಯಾಮೆರಾ ಸತ್ತಿತು ಅನ್ನುವುದಕ್ಕೆ ಅದೇ ಸಾಕ್ಷಿ. ಕೊನೆಯ ಪ್ರಾಣಿಯ ಫೋಟೊ ನೋಡಿ ಹೇಳಲಾಗದು. ಪ್ರಾಣಿ ಸುಳಿಯದ ದಾರಿಯಲ್ಲಿ ಕ್ಯಾಮೆರಾ ಬದುಕಿದ್ದೂ ನಾಲ್ಕು ದಿನ ಸುಮ್ಮನಿರಬಹುದು.

ಸಿಲಿಕಾಜೆಲ್:
ಕ್ಯಾಮೆರಾ ಬಿಚ್ಚಿ ತಂದಿದ್ದರೆ, ವಾಪಸ್ ಬಂದ ದಿನ ಕಾಡಿಗೆ ಹೋಗಬೇಡಿ. ಕ್ಯಾಂಪಿನಲ್ಲೇ ಬೆಂಚಿನ ಮೇಲೆ ಎಲ್ಲ ಹರಡಿ ಕೂತುಕೊಳ್ಳಿ.

ಮೊದಲು ಬ್ಯಾಟರಿ. ಎಂಟು ಎಎ ಹಾಕುವ ಮಾಡೆಲ್ ಆದರೆ 60 ಕ್ಯಾಮೆರಾಗೆ 480 ಸೆಲ್. ಒಂದೊಂದನ್ನೂ ಮಲ್ಟಿಮೀಟರ್‌ನಲ್ಲಿ ನೋಡಿ. ಹೊಸ ಆಲ್ಕಲೈನ್ 1.5 ವೋಲ್ಟ್ ಮೇಲಿರುತ್ತದೆ, 1.3ಕ್ಕಿಂತ ಇಳಿದದ್ದು ಇನ್ನು 25 ದಿನ ಬಾಳುವುದನ್ನು ನಂಬಬೇಡಿ. ರೀಚಾರ್ಜ್ ಆಗುವ ನಿಕಲ್ ಸೆಲ್ ತುಂಬಿದ್ದರೂ ಖಾಲಿಯಾಗುತ್ತಿದ್ದರೂ ಬಹುಪಾಲು 1.2ರ ಆಸುಪಾಸಿನಲ್ಲೇ ನಿಲ್ಲುವುದರಿಂದ ಕ್ಯಾಮೆರಾದ ಬ್ಯಾಟರಿ ಗುರುತು ದಾರಿ ತಪ್ಪಿಸುತ್ತದೆ. ಅವನ್ನು ವೋಲ್ಟ್ ನೋಡಿ ಉಳಿಸಿಕೊಳ್ಳಬೇಡಿ, ಎಲ್ಲವನ್ನೂ ಹೊಸದಾಗಿ ಚಾರ್ಜ್ ಮಾಡಿ. ಹಳೆಯದು-ಹೊಸದು ಬೆರೆಸಲೇಬೇಡಿ. ಬಲಹೀನ ಸೆಲ್ ಮೊದಲು ಖಾಲಿಯಾಗಿ, ಉಳಿದವು ಅದರ ಮೂಲಕ ಕರೆಂಟ್ ತಳ್ಳಿ ಅದನ್ನು ಉಲ್ಟಾ ಚಾರ್ಜ್ ಮಾಡಿ, ಅದು ಸೋರುತ್ತದೆ. ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಂಡರೆ ಅದು ಕ್ಷಾರ: ಕಿವಿಕಡ್ಡಿ ತುದಿಗೆ ಒಂದೇ ಹನಿ ವಿನೆಗರ್, ಒರೆಸಿ, ಆಮೇಲೆ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ.

ಸೀಲ್ ರಬ್ಬರ್ ತೋಡಿನಲ್ಲಿ ಒಂದು ಕೂದಲು ಸಿಕ್ಕಿದ್ದರೂ ತೇವ ಒಳಗೆ ಇಳಿಯುತ್ತದೆ. ಹಿಂಬದಿಯ ಸಂದಿ, ಮೈಕ್ ತೂತು ಇರುವೆಗೆ ಅಚ್ಚುಮೆಚ್ಚಿನ ಜಾಗ. ಬೆಳಕಿಗೆ ಹಿಡಿದು ನೋಡಿ. ಕಾರ್ಡನ್ನು ಎರಡು ಕಡೆ ನಕಲು ಮಾಡಿಕೊಂಡು, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಕಾಡಿನಲ್ಲಿ ಮರು ಜೋಡಣೆ: ನೆಲದಿಂದ 40-45 ಸೆಂಟಿಮೀಟರ್, ದಾರಿಯಿಂದ 3-4 ಮೀಟರ್. ಎರಡೂ ನೇರ ಮುಖಾಮುಖಿ ಬೇಡ, ತುಸು ಓರೆ ಇರಲಿ. ಇಲ್ಲದಿದ್ದರೆ ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರ ಬಿಳುಪಾಗಿಸುತ್ತದೆ. ಅಂಬೆಗಾಲಿಟ್ಟು ಮುಂದೆ ಹಾದು ಪರೀಕ್ಷಿಸಿ, ನಿಂತು ನಡೆದರೆ ಪ್ರಯೋಜನವಿಲ್ಲ. ಮಧ್ಯಾಹ್ನದ ಬಿಸಿಯಲ್ಲಿ ನೆಲವೂ ಮೈಯಷ್ಟೇ ಕಾದಿರುವುದರಿಂದ ಮೈ ಬಿಸಿ ಗುರುತಿಸುವ ಸೆನ್ಸರ್ ಮಂದ. ಆಗ ಹಿಡಿಯದಿದ್ದರೆ ಸಂಜೆ ಇನ್ನೊಮ್ಮೆ ನೋಡಿ, ಆಮೇಲೆ ಜಾಗ ಬದಲಿಸುವ ಮಾತು.

ಕಾಡುಸಂಪಿಗೆ:
ಸಫಾರಿ ಫೋಟೊ ಬಗ್ಗೆ: ಕ್ಯಾಪ್ಚರ್ ಇತಿಹಾಸಕ್ಕೆ (ಯಾವ ಹುಲಿ ಯಾವ ದಿನ ಯಾವ ಕ್ಯಾಮೆರಾಗೆ ಸಿಕ್ಕಿತು ಎಂಬ ಪಟ್ಟಿಗೆ) ಬೇಡವೇ ಬೇಡ. ಜೀಪು ಹುಲಿ ಇರುವ ಕಡೆ ಓಡುತ್ತದೆ, ಕ್ಯಾಮೆರಾ ಇಟ್ಟಲ್ಲೇ ಇರುತ್ತದೆ. ಎರಡರ ಶ್ರಮದ ಲೆಕ್ಕ ಒಂದೇ ಅಲ್ಲ. ಆದರೆ ಪಟ್ಟೆ ನೋಡಿ ಹುಲಿ ಗುರುತಿಸುವ ಪಟ್ಟಿಗೆ ಉಪಯೋಗ ಇದೆ. ಎಡ ಪಕ್ಕೆ ಮಾತ್ರ ಸಿಕ್ಕಿದ್ದ ಹುಲಿ ಸಫಾರಿ ದಾರಿಯಲ್ಲಿ ತಿರುಗಿ ನಡೆದು ಬಲ ಪಕ್ಕೆಯನ್ನೂ ತೋರಿಸಿದರೆ, ಒಂದೇ ಸರಣಿಯ ಫೋಟೊ ಎರಡನ್ನೂ ಕೂಡಿಸುತ್ತದೆ. ಜೀಪಿನ ಎತ್ತರದಿಂದ ತೆಗೆದದ್ದರಲ್ಲಿ ಪಟ್ಟೆ ಕುಗ್ಗಿ ಕಾಣುತ್ತದೆ, ಹಾಗಾಗಿ ಪೂರ್ತಿ ಪಕ್ಕಕ್ಕೆ ನಿಂತಿರುವುದನ್ನಷ್ಟೇ ಹೋಲಿಸಿ. ಹಂಚಿಕೊಳ್ಳುವ ಮೊದಲು ಫೈಲಿನಿಂದ ಸ್ಥಳದ ಮಾಹಿತಿ ಅಳಿಸಿ.

ಟ್ರಾನ್ಸೆಕ್ಟ್‌ಗೆ ಸಫಾರಿಯ ಕಣ್ಣು ಅಡ್ಡಿಯಾಗುತ್ತದೆ, ಇದನ್ನು ಹಗುರವಾಗಿ ತಗೋಬೇಡಿ. ಹಿನ್ನೀರಿನ ಬಯಲಲ್ಲಿ ದೂರದ ಆನೆ ಹಿಂಡು ಹುಡುಕಿ ಹುಡುಕಿ ಕಣ್ಣು ದೂರಕ್ಕೇ ಓಡುತ್ತದೆ. ಟ್ರಾನ್ಸೆಕ್ಟ್ ಲೆಕ್ಕವೋ, ಗೆರೆಯ ಮೇಲಿರುವ ಪ್ರಾಣಿ ಒಂದೂ ತಪ್ಪಿಲ್ಲ ಎಂಬುದರ ಮೇಲೇ ನಿಂತಿದೆ. ಎದುರಿನ ಲಂಟಾನ ಬುಡದಲ್ಲಿ ಕಿವಿಯಷ್ಟೇ ಕಾಣುವ ಜಿಂಕೆ ಬಿಟ್ಟುಹೋದರೆ ಸಾಂದ್ರತೆ ಇಳಿಯುತ್ತದೆ. ಅಂದಾಜಿನಲ್ಲಿ 20, 30, 50 ಮೀಟರ್ ಎಂದು ದುಂಡು ಅಂಕಿ ಬರೆಯುವ ಚಾಳಿಯೂ ಬಿಡುವಿನ ನಂತರ ಮರಳುತ್ತದೆ. ಎರಡು ಬೆಳಗ್ಗೆ ಅಭ್ಯಾಸ ನಡಿಗೆ ಮಾಡಿ, ಟೇಪಿನಿಂದ ಅಳೆದ ಮರಗಳಿಗೆ ದೂರ ಅಳೆಯುವ ರೇಂಜ್‌ಫೈಂಡರ್ ಹೋಲಿಸಿ, ಆಮೇಲೆ ಲೆಕ್ಕಕ್ಕೆ ಇಳಿಯಿರಿ.

ಬೇಸಿಗೆಯ ಹೊತ್ತಾದರೆ ಉಣ್ಣಿ ಮರೆಯಬೇಡಿ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ ವೈರಸ್ 2012ರಲ್ಲಿ ಬಂಡೀಪುರದ ಮಂಗಗಳಲ್ಲೂ ಸಿಕ್ಕಿತ್ತು. ಉಣ್ಣಿ ಹತ್ತದಂತೆ ಹಚ್ಚುವ ಡೀಪಾ ಎಣ್ಣೆ, ಪ್ಯಾಂಟು ಸಾಕ್ಸಿನೊಳಗೆ, ಸಂಜೆ ಬಿಸಿನೀರಿನ ಸ್ನಾನ. ಜ್ವರ ಬಂದರೆ ಕಾಡಿನ ಕೆಲಸ ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಬೀಟೆಮರ:
ಒಂದು ಜಾಗದಲ್ಲಿ ಆಗಲೇ ಎಡವಟ್ಟಾಗಿದೆ. ಬ್ಯಾಟರಿ ಬದಲಿಸಿದಾಗ ಒಂದು ಕ್ಯಾಮೆರಾದ ಗಡಿಯಾರ ಜನವರಿ 1ಕ್ಕೆ ಹೋಗಿದೆ. ಎದುರಿನದ್ದು ಸರಿಯಿದೆ. ಈ ಫೋಟೊಗಳು ದಂಡವಾ?

ಹುಲಿಜಾಡು:
ಇಲ್ಲ. ಎರಡರಲ್ಲೂ ಬಿದ್ದಿರುವ ಒಂದೇ ಘಟನೆ ಹಿಡಿಯಿರಿ, ನಿಮ್ಮ ಜೀಪೋ ಕಾಟಿ ಹಿಂಡೋ. ಸರಿ ಗಡಿಯಾರದಲ್ಲಿ ಮಾರ್ಚ್ 14, 18:42, ತಪ್ಪಿನದರಲ್ಲಿ ಜನವರಿ 3, 05:17 ಅಂದರೆ ವ್ಯತ್ಯಾಸ ಸಿಕ್ಕಿತು. ಬೇರೆ ಬೇರೆ ದಿನದ ಮೂರು ಘಟನೆಗೆ ಅದೇ ವ್ಯತ್ಯಾಸ ಬಂದರೆ ಎಲ್ಲಕ್ಕೂ ಕೂಡಿಸಿ. ಫೈಲ್ ಸಂಖ್ಯೆ ಏರುತ್ತಾ ಹೋಗಿ ದಿನಾಂಕ ಮತ್ತೆ ಜನವರಿ 1ಕ್ಕೆ ಬಿದ್ದಿದ್ದರೆ ಎರಡನೇ ಸಲ ರೀಸೆಟ್ ಆಗಿದೆ ಎಂದರ್ಥ, ಅಲ್ಲಿಂದಾಚೆಗೆ ಬೇರೆ ವ್ಯತ್ಯಾಸ. ಮೂಲ ಫೈಲ್ ಮುಟ್ಟಬೇಡಿ, ಶೀಟಿನಲ್ಲಿ ಸರಿಪಡಿಸಿದ ಸಮಯಕ್ಕೆ ಇನ್ನೊಂದು ಕಾಲಂ ಮಾಡಿ. ಇನ್ನು ಮುಂದೆ ಬ್ಯಾಟರಿ ಬದಲಿಸಿದಾಗಲೆಲ್ಲ ಜಿಪಿಎಸ್ ಪರದೆಯ ಸಮಯ, ಜಾಗದ ಸಂಖ್ಯೆ ಬರೆದ ಹಲಗೆ, ಇವೆರಡನ್ನೂ ಕ್ಯಾಮೆರಾ ಮುಂದೆ ಹಿಡಿದು ಒಂದು ಫೋಟೊ ಬೀಳಿಸಿ.